ಎರಡನೇ ಹೀಟರ್

ಜನವರಿ ೧೧

ಅಕ್ಕಾ,

ಕೂತುಕೊಂಡು ಓದು. ನಿಂತು ಓದಿದರೆ ಬಿದ್ದೀಯೆ. ನಮ್ಮ ಮನೆಯ ನಡುಕೋಣೆಯಲ್ಲಿ ಸಮುದ್ರ ಇಡಬೇಕೆಂದು ತೀರ್ಮಾನವಾಗಿದೆ. ಗಾಜಿನ ತೊಟ್ಟಿ, ಉಪ್ಪುನೀರು, ಹವಳ. ಚಿನ್ನದ ಮೀನು ಸಾಕುವ ಬಟ್ಟಲಲ್ಲ, ನೀನು ಅಲ್ಲಿ ದ್ವೀಪದ ಕೇಂದ್ರದಲ್ಲಿ ಸಾಕುತ್ತೀಯಲ್ಲ, ಅಂಥ ಜೀವಂತ ಹವಳ.

ನಗಬೇಡ. ದಿನವಿಡೀ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಬೇರೆಯವರ ಬಾಯಿಗೆ ಹಲ್ಲಿನ ಸೆಟ್ ಮಾಡುವವನಿಗೆ ಸಂಜೆ ಮನೆಗೆ ಬಂದಾಗ ನೋಡಲು ಹಲ್ಲಿಲ್ಲದ್ದು ಏನಾದರೂ ಬೇಡವೇ? ಅಂಗಡಿಗೆ ಹೋಗಿ ನೋಡಿದೆ. ಪಂಪು, ಲೈಟು, ಹೀಟರು, ಹೆಸರೇ ಬಾಯಿಗೆ ಬಾರದ ಯಂತ್ರಗಳು. ಅಂಗಡಿಯವನು ಎಲ್ಲವೂ ಬೇಕೇಬೇಕು ಎಂದ. ಅವನ ಮಾತು ಕೇಳಿದರೆ ಮನೆಯೊಳಗೆ ನಾವಿರಲು ಜಾಗ ಉಳಿಯುವುದಿಲ್ಲ. ಯಾವುದು ನಿಜವಾಗಿ ಬೇಕು, ಯಾವುದು ಬರೀ ತೋರಿಕೆ ಎಂದು ನೀನು ಬರೆದು ತಿಳಿಸು.

ಅಮ್ಮ ಚೆನ್ನಾಗಿದ್ದಾಳೆ. ಅವಳು ಆಪರೇಷನ್ ಕೋಣೆ ಬಿಟ್ಟು ಮನೆಯಲ್ಲಿ ಕೂತು ಕಾಲವಾಯಿತು, ಆಪರೇಷನ್ ಕೋಣೆ ಮಾತ್ರ ಅವಳನ್ನು ಬಿಟ್ಟಿಲ್ಲ. ಕತ್ತರಿ ಇಕ್ಕಳಗಳನ್ನು ಕುದಿಸಿಟ್ಟ ಕೈ ಈಗ ಸಿಕ್ಕಿದ್ದನ್ನೆಲ್ಲ ಕುದಿಸುತ್ತದೆ. ಟವೆಲ್, ಬಾಚಣಿಗೆ, ನನ್ನ ಬ್ರಷ್ಷು. ಪಕ್ಕದ ಮನೆಯ ಮಗು ಬಿಟ್ಟುಹೋದ ರಬ್ಬರ್ ಬಾತುಕೋಳಿಯನ್ನೂ ಕುದಿಸಿ ಕೊಟ್ಟಳು. ಅದಕ್ಕೆ ಈಗ ಮೂತಿಯೇ ಇಲ್ಲ.

ನಿನ್ನ ಬಗ್ಗೆ ಅವಳು ಏನೂ ಕೇಳಲಿಲ್ಲ. ನೀನು ಹೇಗೂ ವಿಚಾರಿಸುತ್ತೀಯೆಂದು ನಾನೇ ಮೊದಲು ಬರೆದುಬಿಟ್ಟೆ.

ನಿನ್ನ ತಮ್ಮ


ಜನವರಿ ೨೪

ಹಲ್ಲುಸಾಹೇಬರಿಗೆ,

ಕೂತೇ ಓದಿದೆ, ಆದರೂ ಬೆಚ್ಚಿಬಿದ್ದೆ. ಅಕಾರ್ಡಿಯನ್ ತಂದು ಅಟ್ಟದ ಮೇಲೆ ಹಾಕಿದವನು ನೀನು. ಬೆಟ್ಟ ಹತ್ತಲೆಂದು ಬೂಟು ಕೊಂಡು ಅದರಲ್ಲಿ ಕೊಡೆ ನಿಲ್ಲಿಸಿದವನು ನೀನು. ಹವಳ ಅಟ್ಟಕ್ಕೆ ಹಾಕುವ ವಸ್ತುವಲ್ಲ ಕಣೋ. ಅದಕ್ಕೆ ಜೀವವಿದೆ. ನಿನಗೆ ಬೇಸರವಾದ ದಿನ ಅದು ಸಾಯುತ್ತದೆ.

ಆದರೂ ಕೇಳಿದ್ದೀಯ, ಹೇಳುತ್ತೇನೆ. ತೊಟ್ಟಿ ಚಿಕ್ಕದಾದಷ್ಟೂ ಕಷ್ಟ ಹೆಚ್ಚು. ಸ್ವಲ್ಪ ನೀರು ಬೇಗ ಕೆಡುತ್ತದೆ, ಹೆಚ್ಚು ನೀರು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಹಾಗಾಗಿ ನಿಮ್ಮ ಗೋಡೆಯ ಪಕ್ಕ ಹಿಡಿಸುವಷ್ಟು ದೊಡ್ಡದನ್ನೇ ಇಡು. ನಲ್ಲಿಯ ನೀರು ನೇರವಾಗಿ ಬೇಡ, ಶುದ್ಧ ಮಾಡುವ ಫಿಲ್ಟರ್ ಬೇಕು. ಸ್ಕಿಮ್ಮರ್ ಎಂಬ ಯಂತ್ರ ತೋರಿಕೆಯದಲ್ಲ. ನೀರಿನಲ್ಲಿ ನೊರೆ ಎಬ್ಬಿಸಿ, ಆ ನೊರೆಯ ಜೊತೆ ಕೊಳೆಯನ್ನು ಮೇಲಕ್ಕೆತ್ತಿ ಹೊರಗೆ ಹಾಕುತ್ತದೆ. ಅದರಲ್ಲಿ ಜಿಪುಣತನ ಮಾಡಬೇಡ. ಅಲೆ ಎಬ್ಬಿಸಲು ಎದುರುಬದುರು ಎರಡು ಪಂಪು ಇರಲಿ, ನಿಂತ ನೀರಿನಲ್ಲಿ ಹವಳ ಉಸಿರಾಡುವುದಿಲ್ಲ. ಕಣ್ಣು ಕುಕ್ಕುವ ಲೈಟಿಗೆ ಮರುಳಾಗಬೇಡ.

ಹೀಟರ್ ಮಾತ್ರ ದೊಡ್ಡದು ಒಂದಲ್ಲ, ಸಣ್ಣವು ಎರಡು ತೆಗೆದುಕೋ. ಒಂದು ಕೈಕೊಟ್ಟರೆ ಇನ್ನೊಂದು ಕಾಯುತ್ತದೆ. ಒಂದು ಕೆಟ್ಟು ಆರದೆ ಉರಿಯುತ್ತಲೇ ಇದ್ದರೂ ಸಣ್ಣದಾದ್ದರಿಂದ ಎಲ್ಲವನ್ನೂ ಬೇಯಿಸಿಬಿಡುವುದಿಲ್ಲ. ಒಂದೇ ಹೀಟರ್ ನಂಬಿ ತೊಟ್ಟಿಗೆ ತೊಟ್ಟಿಯನ್ನೇ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಅಮ್ಮನನ್ನು ಕೇಳಿದೆಯಾ? ಅವಳ ನಡುಕೋಣೆಯಲ್ಲಿ ಸಮುದ್ರ ಇಟ್ಟರೆ ಅವಳು ಸುಮ್ಮನಿರುವಳೇ? ನೆಂಟರಿಗೆಲ್ಲ ನನ್ನ ಮಗಳು ಬಂದರಿನ ಕಚೇರಿಯಲ್ಲಿ ಗುಮಾಸ್ತೆ ಎಂದು ಹೇಳಿಕೊಂಡು ಬಂದವಳು ಅವಳು. ಮೀನಿನ ತೊಟ್ಟಿ ಉಜ್ಜುವ ಮಗಳು ಇದ್ದಾಳೆಂದು ಹೇಳಲು ನಾಚಿಕೆ. ಅದು ನನ್ನ ಕಿವಿಗೆ ಬಿದ್ದ ದಿನದಿಂದ ನಾನು ಅವಳಿಗೆ ಒಂದು ಸಾಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಮಂಡಿ ನೋವು ಹೇಗಿದೆಯಂತೆ?

ಅಕ್ಕ


ಫೆಬ್ರುವರಿ ೯

ಅಕ್ಕಾ,

ನಿನ್ನ ಪಟ್ಟಿ ಓದಿ ದಂಗಾಗಿ ಹೋದೆ. ನಾನು ಮೀನು ಸಾಕಬೇಕೆಂದುಕೊಂಡಿದ್ದೆ, ನೀನು ಸಣ್ಣ ಕಾರ್ಖಾನೆಯನ್ನೇ ಬರೆದು ಕಳಿಸಿದ್ದೀಯ. ಆದರೂ ನಾವು ಆ ಪತ್ರವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋದೆವು. ಅಂಗಡಿಯವನಿಗೆ ಒಂದೊಂದು ಸಾಲನ್ನೂ ಓದಿ ಹೇಳಿ, "ಈ ಸ್ಕಿಮ್ಮರ್ ಬಿಚ್ಚಿ ತೊಳೆಯೋಕೆ ಬರುತ್ತಾ? ಕೊಳೆ ಕೂರೋ ಮೂಲೆ ಎಲ್ಲಿದೆ ತೋರಿಸಿ" ಎಂದು ಕೇಳಿದ್ದಕ್ಕೆ ಅವನು ಬೆವತುಹೋದ. ಕೊನೆಗೆ ಒಳಗಿನಿಂದ ಬೇರೆಯದೇ ಒಂದನ್ನು ತಂದು ಕೊಟ್ಟ. ಅದರ ಮುಚ್ಚಳ, ಬಟ್ಟಲು, ಕೊಳವೆ ಎಲ್ಲವೂ ಬಿಡಿಬಿಡಿಯಾಗಿ ಕಳಚುತ್ತವೆ.

ಫಿಲ್ಟರ್ ಬಂತು. ಪಂಪುಗಳು ಬಂದವು. ಒಂದನ್ನು ಬಕೆಟ್ಟಿನಲ್ಲಿಟ್ಟು ಚಾಲೂ ಮಾಡಿದೆ, ನಡುಕೋಣೆಯ ಸೋಫಾ ಸ್ನಾನ ಮಾಡಿತು. ಹೀಟರ್ ಸದ್ಯಕ್ಕೆ ಒಂದೇ ಬಂದಿದೆ. ಯಾಕೆ ಎಂದು ಕೇಳಬೇಡ.

ಒಂದು ಅದೃಷ್ಟವೂ ಆಯಿತು. ನಮ್ಮ ಬೀದಿಯ ಬ್ಯಾಂಕ್ ಮ್ಯಾನೇಜರಿಗೆ ವರ್ಗವಾಗಿ, ತಮ್ಮ ಹವಳದ ತೊಟ್ಟಿಯನ್ನು ಕಲ್ಲುಗಳ ಸಮೇತ ಕೊಟ್ಟುಹೋದರು. ಕಲ್ಲುಗಳು ಎರಡು ದೊಡ್ಡ ಬಕೆಟ್ಟುಗಳಲ್ಲಿ ಉಪ್ಪುನೀರಿನಲ್ಲಿ ಮುಳುಗಿವೆ. ಅವುಗಳ ಮೇಲೆಲ್ಲ ಅಂಗಿಯ ಗುಂಡಿಗಳಂಥದ್ದು ಒತ್ತೊತ್ತಾಗಿ ಬೆಳೆದಿದೆ. ಕಂದು ಬಣ್ಣ, ನಡುವೆ ಹಸಿರು, ಅಂಚಿಗೆ ಕುಚ್ಚು. ಕಡ್ಡಿ ತಾಗಿಸಿದರೆ ಮುದುಡಿಕೊಳ್ಳುತ್ತವೆ. ನೋಡಲು ಬಲು ಚೆಂದ. ಇವು ಏನು? ಇರಲಿ ಬಿಡಲೇ?

ಮಂಡಿ ನೋವು ಹಾಗೇ ಇದೆ. ಅಮ್ಮ ಈಗೀಗ ಕುರ್ಚಿಯನ್ನು ಬೀದಿಯ ಕಡೆಯಿಂದ ತಿರುಗಿಸಿ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ.

ನಿನ್ನ ತಮ್ಮ


ಫೆಬ್ರುವರಿ ೨೧

ಹಲ್ಲುಸಾಹೇಬರಿಗೆ,

"ನಾವು ಅಂಗಡಿಗೆ ಹೋದೆವು" ಎಂದರೆ ಯಾರು ಯಾರು? ಸ್ಕಿಮ್ಮರಿನ ಮೂಲೆಮೂಲೆ ಕೇಳುವ ಬುದ್ಧಿ ನಿನ್ನದಲ್ಲ. ಹುಡುಗಿ ಯಾರು ಹೇಳಿಬಿಡು. ಅಂಗಡಿಯವನನ್ನು ಬೆವರಿಸಿದವಳು ಯಾರೇ ಆಗಲಿ, ನನಗೆ ಒಪ್ಪಿಗೆ. ಅವಳಿಗಾಗಿ ಈ ಸಮುದ್ರವೆಲ್ಲ ಎಂದು ಈಗ ಅರ್ಥವಾಯಿತು. ಓದುತ್ತ ಒಬ್ಬಳೇ ನಕ್ಕೆ. ನಮ್ಮ ಕೇಂದ್ರದ ವೈರ್‌ಲೆಸ್ಸಿನವನು ಏನಾಯಿತೆಂದು ಇಣುಕಿ ಹೋದ.

ಅಮ್ಮ ಗೋಡೆ ನೋಡುತ್ತ ಕೂರುತ್ತಾಳೆ ಎಂದು ಬರೆದಿದ್ದೀಯ. ವಯಸ್ಸಾದವರು ಹಾಗೆ ಸುಮ್ಮನೆ ಗೋಡೆ ನೋಡಿದರೆ ಒಳ್ಳೆಯದಲ್ಲ. ಡಾಕ್ಟರಿಗೆ ತೋರಿಸು. ನಾನು ಹೇಳಿದೆ ಎನ್ನಬೇಡ.

ಆ ಗುಂಡಿಗಳಿಗೆ ಮಾರುಹೋಗಬೇಡ. ಅದೂ ಹವಳದ ಜಾತಿಯೇ, ಆದರೆ ಕಳೆಯಂತೆ ಹಬ್ಬುತ್ತದೆ. ಒಂದು ಉಳಿದರೂ ತೊಟ್ಟಿ ತುಂಬಿ ಬೇರೆ ಹವಳವನ್ನು ಬದುಕಗೊಡುವುದಿಲ್ಲ. ತೊಟ್ಟಿಗೆ ಹಾಕುವ ಮೊದಲು ಆ ಕಲ್ಲುಗಳ ಮೇಲೆ ಅದು ಪೂರ್ತಿ ಸಾಯಬೇಕು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡ, ಅದರಲ್ಲಿ ವಿಷವಿದೆ. ಎರಡನೇ ಹೀಟರ್ ತೆಗೆದುಕೊಳ್ಳದೆ ನೀರು ತುಂಬಬೇಡ. ಆ ಗುಂಡಿಗಳನ್ನು ತೆಗೆಯುವುದು ಹೇಗೆಂದು ಮುಂದಿನ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ. ಶನಿವಾರದ ದೋಣಿಯವನು ಸೀಟಿ ಊದುತ್ತಿದ್ದಾನೆ, ಇದು ಹೋಗದಿದ್ದರೆ ಇನ್ನು ಮುಂದಿನ ಶನಿವಾರವೇ ಗತಿ.

ಅಕ್ಕ


ಮಾರ್ಚ್ ೭

ಅಕ್ಕಾ,

ನಿನ್ನ ಪತ್ರ ಓದಿ ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಹುಡುಗಿ ಇದ್ದಾಳೆ. ಮಂಡಿ ನೋವಿನ ಹುಡುಗಿ. ಬಾತುಕೋಳಿಯ ಮೂತಿ ಕರಗಿಸಿದ ಹುಡುಗಿ.

ಇನ್ನು ಮುಚ್ಚಿಡಲು ನನ್ನಿಂದಾಗುವುದಿಲ್ಲ. ಈ ತೊಟ್ಟಿ ನನ್ನದಲ್ಲ ಅಕ್ಕಾ, ಅಮ್ಮನದು. ಮೊದಲ ದಿನದಿಂದಲೂ ಅಮ್ಮನದೇ. ಒಂದು ದಿನ ಊಟ ಮಾಡುತ್ತ ಇದ್ದಕ್ಕಿದ್ದಂತೆ, "ಅವಳು ದಿನಾ ಏನು ನೋಡ್ತಾ ಕೂತಿರ್ತಾಳೋ ಅದನ್ನ ನಾನೂ ನೋಡ್ಬೇಕು" ಅಂದಳು. ನಿನ್ನನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ, ಅದಕ್ಕೇ ನನ್ನನ್ನು ಮುಂದೆ ಬಿಟ್ಟಳು. ಅಂಗಡಿಯವನನ್ನು ಬೆವರಿಸಿದವಳು ಅವಳೇ. ಅವಳು ನೋಡುತ್ತ ಕೂರುವುದು ಗೋಡೆಯನ್ನಲ್ಲ, ಗೋಡೆಗೆ ಒರಗಿಸಿಟ್ಟ ಖಾಲಿ ಗಾಜಿನ ತೊಟ್ಟಿಯನ್ನು. ನಿನ್ನ ಪತ್ರಗಳನ್ನು ನಾನು ಓದಿ ಮುಗಿಸಿದ ಮೇಲೆ ತಾನು ಒಯ್ದು ಮತ್ತೆ ಓದುತ್ತಾಳೆ. ಗುಮಾಸ್ತೆಯ ಮಾತನ್ನೂ ಓದಿದಳು.

ಎಲ್ಲ ಸಿದ್ಧವಾದ ಮೇಲೆ ನಿನ್ನನ್ನು ಕರೆಯಬೇಕೆಂದು ಅವಳ ಆಸೆ. ಕರೆದರೆ ಬರುತ್ತೀಯಾ?

ಗುಂಡಿಗಳ ಬಗ್ಗೆ ನೀನು ಬರೆಯುವವರೆಗೆ ಕಾಯಬೇಕಾಗಿಲ್ಲವಂತೆ. "ಅದರಲ್ಲಿ ವಿಷವಿದೆ" ಎಂದು ನಾನು ಓದಿದ್ದೇ ತಡ, ಅಮ್ಮ ಸೆರಗು ಬಿಗಿದು ಎದ್ದಳು. "ವಿಷನೋ ಕ್ರಿಮಿನೋ, ಕುದಿಯೋ ನೀರಲ್ಲಿ ಯಾವುದು ಉಳಿಯುತ್ತೆ? ಇದು ನನ್ನ ಕೆಲಸ, ನೀನು ಸುಮ್ನಿರು" ಅಂದಳು. ಆಸ್ಪತ್ರೆಯವರು ಅವಳನ್ನು ಬೀಳ್ಕೊಡುವಾಗ ಕೊಟ್ಟ ಆ ದೊಡ್ಡ ಸ್ಟೀಲ್ ಪಾತ್ರೆಯನ್ನು ಅಟ್ಟದಿಂದ ಇಳಿಸಿದ್ದೇನೆ. ನಾಳೆ ಭಾನುವಾರ ಒಂದು ಬಕೆಟ್ಟಿನ ಕಲ್ಲು, ಮುಂದಿನ ಭಾನುವಾರ ಇನ್ನೊಂದರದು. ಧೂಳು ಬರದ ಹಾಗೆ ಅಡುಗೆಮನೆಯ ಕಿಟಕಿ ಬಾಗಿಲು ಹಾಕಿಕೊಂಡು, ಆಪರೇಷನ್ ಕೋಣೆಯ ಪದ್ಧತಿಯಲ್ಲೇ ಮಾಡಬೇಕಂತೆ. ಅವಳ ಮುಖದಲ್ಲಿ ಇಷ್ಟು ಕಳೆ ನೋಡಿ ಎಷ್ಟು ಕಾಲವಾಯಿತೋ.

ನಿನ್ನ ತಮ್ಮ


ಮಾರ್ಚ್ ೧೨

ಅಕ್ಕಾ,

ಗಾಬರಿಯಾಗಬೇಡ. ಆಸ್ಪತ್ರೆಯ ಮಂಚದ ಮೇಲಿಂದ ಬರೆಯುತ್ತಿದ್ದೇನೆ. ಪೆನ್ನು ಹಿಡಿದ ಕೈ ಸೋಲುತ್ತದೆ, ಅಕ್ಷರ ವಕ್ರವಾದರೆ ಕ್ಷಮಿಸು.

ಭಾನುವಾರ ಊಟ ಮಾಡುವಾಗ ಅನ್ನಕ್ಕೆ ನಾಣ್ಯ ನೆಕ್ಕಿದಂಥ ಕಹಿ ರುಚಿ ಬಂತು. ಅಮ್ಮನಿಗೂ ಹಾಗೇ ಅನಿಸಿತು. ಸಂಜೆಯ ಹೊತ್ತಿಗೆ ನನಗೆ ಚಳಿ, ಕೆಮ್ಮು. ಮೈಯ ಒಂದೊಂದು ಸ್ನಾಯುವನ್ನೂ ಹಿಂಡಿದಂಥ ನೋವು. ಅಮ್ಮನಿಗೆ ಉಸಿರೇ ಎಳೆಯಲು ಆಗುತ್ತಿರಲಿಲ್ಲ. ಕುರ್ಚಿಯ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು, ಮಾತು ಹೊರಡಲಿಲ್ಲ. ಆಂಬುಲೆನ್ಸಿನವರು ಅವಳನ್ನು ಎತ್ತುವಾಗಲೂ ಅವಳು ಕೈಸನ್ನೆಯಲ್ಲಿ ಅವರ ಕೈಗವಸು ಎಲ್ಲಿ ಎಂದು ಕೇಳಿದಳು.

ಏನಾಯಿತೆಂದು ಯಾರಿಗೂ ತಿಳಿಯುತ್ತಿಲ್ಲ. ಮೊದಲು ಜ್ವರ ಅಂದರು. ಆಮೇಲೆ ಗ್ಯಾಸ್ ಸೋರಿರಬೇಕೆಂದರು. ಗ್ಯಾಸಿನವರು ಹೋಗಿ ಒಲೆ, ಕೊಳವೆ ಎಲ್ಲ ನೋಡಿ ಏನೂ ಸೋರಿಲ್ಲ ಎಂದು ಬರೆದುಕೊಟ್ಟರು. ಕೆಟ್ಟದ್ದೇನಾದರೂ ತಿಂದಿರಾ ಎಂದು ಕೇಳಿದರು. ನಮ್ಮ ಮನೆಯಲ್ಲಿ ಕುದಿಸದ್ದು ಏನಿದೆ ತಿನ್ನಲು?

ಅಮ್ಮ ಇನ್ನೂ ಆಮ್ಲಜನಕದ ಮೇಲಿದ್ದಾಳೆ. ಗಂಟಲು ಪೂರ್ತಿ ಕೂತುಹೋಗಿದೆ. ಏನು ಬೇಕಾದರೂ ಕಾಗದದ ಮೇಲೆ ಬರೆದು ತೋರಿಸುತ್ತಾಳೆ. ಡಾಕ್ಟರು ಅವಳ ಬಗ್ಗೆ ಮಾತಾಡುವಾಗ ನನ್ನ ಕಣ್ಣು ತಪ್ಪಿಸುತ್ತಾರೆ.

ನನ್ನನ್ನು ಶನಿವಾರ ಸಂಜೆ ಬಿಡುತ್ತಾರಂತೆ. ಇವತ್ತು ಅಮ್ಮ ಬರೆದು ತೋರಿಸಿದ್ದು ಏನು ಗೊತ್ತೇ? "ಉಳಿದ ಕಲ್ಲು ಹಾಗೇ ಬಿಡಬೇಡ. ಭಾನುವಾರ ನೀನೇ ಕುದಿಸು." ಕುದಿಸುತ್ತೇನೆ ಎಂದು ಮಾತು ಕೊಟ್ಟೆ. ಅವಳಿಗೆ ಬೇರೆ ಏನು ಕೊಡಲಿ ನಾನು?

ನಿನ್ನ ತಮ್ಮ


ಮಾರ್ಚ್ ೧೪

ತಮ್ಮಾ,

ಈ ಪತ್ರ ನಿನ್ನನ್ನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಒಳ್ಳೆಯದೋ ಕೆಟ್ಟದ್ದೋ. ಆದರೂ ಬರೆಯದೆ ಇರಲಾರೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ನಿನ್ನ ಮಾರ್ಚ್ ಏಳರ ಪತ್ರ ಇವತ್ತಿನ ದೋಣಿಯಲ್ಲಿ ಬಂತು. ತೊಟ್ಟಿಗಳ ಕೆಲಸ ಮುಗಿಸಿ, ಕೈ ತೊಳೆದು, ಚಹಾ ಇಟ್ಟುಕೊಂಡು ನಿನ್ನ ಪತ್ರ ಒಡೆಯುವುದು ನನ್ನ ರೂಢಿ. ಇವತ್ತೂ ಹಾಗೇ ಮಾಡಿದೆ. ತೊಟ್ಟಿ ಅಮ್ಮನದು ಎಂಬುದನ್ನು ಓದಿ ನನಗೆ ಅಳು ಬಂತು. ಕಣ್ಣೊರೆಸಿಕೊಂಡು ಮುಂದಿನ ಪುಟ ತಿರುವಿದೆ. ಕುದಿಸುವುದನ್ನು ಓದಿದೆ. ಚಹಾದ ಲೋಟ ಎಲ್ಲಿ ಬಿತ್ತೋ ತಿಳಿಯದು. ದಡಕ್ಕೆ ಓಡಿದೆ. ದೋಣಿ ಆಗಲೇ ಬಂಡೆಗಳನ್ನು ದಾಟಿ ಹೋಗಿತ್ತು. ಕೂಗಿದೆ, ಕೈ ಬೀಸಿದೆ. ದೋಣಿಯವನು ನಾನು ಬೀಳ್ಕೊಡುತ್ತಿದ್ದೇನೆಂದು ತಿಳಿದು ತಿರುಗಿ ಕೈ ಬೀಸಿದ.

ಆ ಗುಂಡಿಗಳ ವಿಷ ಕುದಿಸಿದರೆ ಸಾಯುವುದಿಲ್ಲ ಕಣೋ. ಹಬೆಯ ಜೊತೆ ಮೇಲೇಳುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಜಗತ್ತಿನ ಬೇರೆ ಯಾವ ಮನೆಗೆ ಬೇಕಾದರೂ ನಾನು ಆ ಸಾಲು ಬರೆಯಬಹುದಿತ್ತು. ವಿಷವಿದೆ ಎಂದರೆ ಬೇರೆ ಯಾರಾದರೂ ದೂರ ಇಡುತ್ತಿದ್ದರು. ನಮ್ಮ ಅಮ್ಮ ಒಲೆ ಹಚ್ಚುತ್ತಾಳೆ. ಇದು ನನಗೆ ಗೊತ್ತಿರಬೇಕಿತ್ತು. ಹವಳ ಗೊತ್ತು, ಅಮ್ಮ ಗೊತ್ತು, ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಲಿಲ್ಲ. ವಿವರವಾಗಿ ಬರೆಯುತ್ತೇನೆ ಎಂದವಳು, ನಿನ್ನ ಉತ್ತರ ಬರಲಿ ಎಂದು ಎರಡು ದೋಣಿ ಸುಮ್ಮನೆ ಬಿಟ್ಟೆ. ಬಾತುಕೋಳಿಯ ಕಥೆ ಓದಿ ನಕ್ಕಿದ್ದೆನಲ್ಲ, ಅದೇ ನನಗೆ ಎಚ್ಚರಿಕೆಯಾಗಬೇಕಿತ್ತು.

ವೈರ್‌ಲೆಸ್ಸಿನವನ ಮುಂದೆ ಹೋಗಿ ನಿಂತೆ. ಪತ್ರ ತೋರಿಸಿದೆ. ಅವನು ಬಂದರಿನ ಕಚೇರಿಯನ್ನು ಹಿಡಿದ. ಅಲ್ಲಿಂದ ನಮ್ಮ ಮನೆಗೆ ಫೋನ್ ಮಾಡಿಸಿದೆವು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿಸಿದೆವು. ಎತ್ತಲಿಲ್ಲ. ಶನಿವಾರ ನೀನು ಮನೆಯಲ್ಲಿರುತ್ತೀಯ, ಅಮ್ಮನಂತೂ ಎಲ್ಲಿಗೂ ಹೋಗುವವಳಲ್ಲ. ಫೋನ್ ಬಡಿದುಕೊಳ್ಳುತ್ತಿದೆ, ಎತ್ತುವವರಿಲ್ಲ. ಆ ಕೋಣೆಯನ್ನು ನಾನು ಕಣ್ಣಮುಂದೆ ನೋಡುತ್ತಿದ್ದೇನೆ. ಕುರ್ಚಿ ಗೋಡೆಯ ಕಡೆ ತಿರುಗಿದೆ. ಅದರ ಮೇಲೆ ಯಾರಿದ್ದಾರೆ, ಹೇಗಿದ್ದಾರೆ ಎಂದು ನೋಡಲು ಧೈರ್ಯವಿಲ್ಲ.

"ಸಂದೇಶ ಬರೆದುಕೊಡಿ, ಅವರು ಫೋನ್ ಎತ್ತೋವರೆಗೂ ಮಾಡ್ತಾನೇ ಇರ್ತಾರೆ. ಯಾರ ಹೆಸರಿಗೆ?" ಎಂದು ಅವನು ಕೇಳಿದ. ನಿನ್ನ ಹೆಸರು ಬರೆಯಲು ಹೊರಟೆ. ಆದರೆ ಆ ಮನೆಯಲ್ಲಿ ಒಲೆಯ ಮುಂದೆ ನಿನ್ನ ಮಾತು ಯಾವಾಗ ನಡೆದಿದೆ? ಅಮ್ಮನಿಗೆ ಎಂದು ಬರೆದೆ. ಇಷ್ಟೇ ಬರೆದೆ. "ಅಮ್ಮಾ, ಕಲ್ಲು ಕುದಿಸಬೇಡ. ಹಬೆಯಲ್ಲಿ ವಿಷವಿದೆ. ಕುದಿಸಿದ್ದರೆ ಇಬ್ಬರೂ ಈಗಲೇ ಆಸ್ಪತ್ರೆಗೆ ಹೋಗಿ, ಡಾಕ್ಟರಿಗೆ ಹವಳದ ವಿಷ ಅನ್ನಿ. ಬಕೆಟ್ ಮುಟ್ಟಬೇಡಿ. ನಾನು ಬರ್ತೀನಿ."

ಇನ್ನೊಂದು ದೋಣಿ ಕಳಿಸಲು ಬಂದರಿನವರನ್ನು ಬೇಡಿಕೊಂಡಿದ್ದೇನೆ. ಗಾಳಿ ಇಳಿಯಬೇಕಂತೆ. ತಮ್ಮಾ, ಫೋನ್ ಎತ್ತು.

ಅಕ್ಕ


ಮಾರ್ಚ್ ೧೬

ಅಕ್ಕಾ,

ನೀನು ಹೊರಟಿದ್ದೀಯೋ ಇಲ್ಲವೋ ತಿಳಿಯದು. ಇದನ್ನು ಬಂದರಿನ ಕಚೇರಿಯ ವಿಳಾಸಕ್ಕೆ ಹಾಕುತ್ತಿದ್ದೇನೆ, ದಡಕ್ಕೆ ಇಳಿದ ಕೂಡಲೇ ಕೊಡಲಿ. ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಅಮ್ಮ ಬದುಕಿದ್ದಾಳೆ. ನಾನೂ ಇದ್ದೇನೆ.

ನಾವು ಎಂಟನೇ ತಾರೀಕಿನಿಂದ ಆಸ್ಪತ್ರೆಯಲ್ಲಿದ್ದೆವು. ಶನಿವಾರ ಬಂದರಿನವರು ಕಚೇರಿ ಮುಚ್ಚುವವರೆಗೂ ಫೋನ್ ಮಾಡಿದ್ದರಂತೆ, ನಾನು ಮನೆ ಸೇರಿದ್ದು ರಾತ್ರಿ, ಅದಕ್ಕೇ ಎತ್ತಲು ಯಾರೂ ಇರಲಿಲ್ಲ. ಹನ್ನೆರಡರಂದು ಬರೆದ ಪತ್ರ ನಿನಗೆ ಇನ್ನೂ ಸಿಕ್ಕಿರಲಾರದು. ಸಿಕ್ಕರೂ ಓದಬೇಡ.

ನಿನ್ನೆ ಬೆಳಿಗ್ಗೆ ಅಮ್ಮನಿಗೆ ಕೊಟ್ಟ ಮಾತಿನಂತೆ ಎರಡನೇ ಬಕೆಟ್ಟಿನ ಕಲ್ಲುಗಳನ್ನು ಪಾತ್ರೆಗೆ ಹಾಕಿದೆ. ಕಿಟಕಿ ಹಾಕಿದೆ, ಬಾಗಿಲು ಹಾಕಿದೆ. ಅವಳು ಹೇಳಿಕೊಟ್ಟ ಹಾಗೆ ಕೈಗವಸು ಕೂಡ ಹಾಕಿಕೊಂಡೆ. ಒಲೆ ಹಚ್ಚಿದೆ. ನಡುಕೋಣೆಯಲ್ಲಿ ಫೋನ್ ಹೊಡೆಯಿತು. ಕೈಗವಸು ತೆಗೆಯಲು ಬೇಸರವಾಗಿ ಬಿಟ್ಟೆ. ನಿಂತಿತು. ಮತ್ತೆ ಹೊಡೆಯಿತು. ಬಿಟ್ಟೆ. ಯಾರೋ ಹಟಕ್ಕೆ ಬಿದ್ದವರಂತೆ ಮತ್ತೆ ಮತ್ತೆ ಹೊಡೆಯುತ್ತಲೇ ಇದ್ದಾಗ, ಆಸ್ಪತ್ರೆಯಿಂದ ಅಮ್ಮನ ಸುದ್ದಿ ಬಂದಿರಬೇಕು ಅನಿಸಿತು. ಓಡಿದೆ.

ಬಂದರಿನ ಗುಮಾಸ್ತೆ. ಹೌದು ಅಕ್ಕಾ, ನಿಜವಾದ ಗುಮಾಸ್ತೆ, ಹೆಂಗಸು. "ಅಮ್ಮನಿಗೆ ಸಂದೇಶ ಇದೆ, ಅಮ್ಮನನ್ನು ಕರೀರಿ" ಅಂದಳು. ಅಮ್ಮ ಮನೆಯಲ್ಲಿಲ್ಲ, ನನಗೇ ಹೇಳಿ ಅಂದೆ. ಅವಳು ಓದಿದಳು. "ಅಮ್ಮಾ, ಕಲ್ಲು ಕುದಿಸಬೇಡ." ನಾನು ಅಡುಗೆಮನೆಯ ಕಡೆ ತಿರುಗಿ ನೋಡಿದೆ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳಲು ಶುರುವಾಗಿದ್ದವು. ಹೇಗೆ ಓಡಿದೆನೋ, ಒಲೆ ಹೇಗೆ ಆರಿಸಿದೆನೋ, ನೆನಪಿಲ್ಲ. ಬಾಗಿಲು ತೆರೆದಿಟ್ಟು ಬೀದಿಗೆ ಬಂದು ನಿಂತಾಗಲೂ ಕೈಗವಸು ಕೈಯಲ್ಲೇ ಇತ್ತು. ಫೋನು ಹಾಗೇ ನೇತಾಡುತ್ತಿತ್ತು. ಪಾಪ ಆ ಹೆಂಗಸು ಬಹಳ ಹೊತ್ತು ಹಲೋ ಹಲೋ ಅಂದಿರಬೇಕು.

ಆ ಮಾತುಗಳನ್ನು ಹಾಗೇ ಒಂದು ಚೀಟಿಯಲ್ಲಿ ಬರೆದುಕೊಂಡು ಆಸ್ಪತ್ರೆಗೆ ಹೋಗಿ ಅಮ್ಮನ ಕೈಗೆ ಕೊಟ್ಟೆ. ವಿಷದ ಮಾತು ಓದಿ ಹೆದರುತ್ತಾಳೆಂದುಕೊಂಡೆ. ಅವಳು ಮೊದಲ ಪದದ ಮೇಲೆ ಬೆರಳಿಟ್ಟು ನನ್ನನ್ನು ನೋಡಿದಳು. ನಿನಗೇ ಬರೆದಿದ್ದಾಳೆ ಅಂದೆ. ಮತ್ತೆ ಬೆರಳಿಟ್ಟು ತೋರಿಸಿದಳು. ಹೌದಮ್ಮ, ನಿನಗೇ, ಅಂದೆ. ನನ್ನ ಅಮ್ಮ ಅತ್ತಿದ್ದನ್ನು ನಾನು ಮೊದಲ ಸಲ ನೋಡಿದೆ.

ಹವಳದ ವಿಷ ಎಂದು ತಿಳಿದ ಮೇಲೆ ಡಾಕ್ಟರುಗಳು ಗ್ಯಾಸಿನ ಮಾತು ಬಿಟ್ಟರು. ಅದಕ್ಕೆಂದೇ ಬೇರೆ ಔಷಧವಿಲ್ಲವಂತೆ, ಉಸಿರನ್ನು ಕಾಯಬೇಕು, ಕಾಯುತ್ತಿದ್ದಾರೆ. ಇವತ್ತು ಮುಖ ನೋಡಿ ಮಾತಾಡಿದರು. ಶ್ವಾಸಕೋಶ ಮೊದಲಿನಂತಾಗಲು ಸಮಯ ಬೇಕು, ಪೂರ್ತಿ ಆಗದೆಯೂ ಇರಬಹುದು ಎಂದರು.

ಕೆಳಗಿನದನ್ನು ಅವಳೇ ಬರೆದಿದ್ದಾಳೆ. ಕಾಗದ ಕಿತ್ತುಕೊಂಡು, ನಾನು ನೋಡಬಾರದೆಂದು ಕೈ ಅಡ್ಡ ಇಟ್ಟುಕೊಂಡು ಬರೆದಳು.

ನಿನ್ನ ತಮ್ಮ


ಮಗಳೇ,

ಧ್ವನಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಇದ್ದಿದ್ದರೆ ಬರೆಯುತ್ತಿರಲಿಲ್ಲವೇನೋ.

ನಿನ್ನ ಮೇಲೆ ತಪ್ಪು ಹಾಕಿಕೊಳ್ಳಬೇಡ. ವಿಷವಿದೆ ಎಂದು ನೀನು ಬರೆದಿದ್ದೆ. ಹೇಗೆ ತೆಗೆಯಬೇಕೆಂದು ಮುಂದಿನ ಪತ್ರದಲ್ಲಿ ತಿಳಿಸುತ್ತೇನೆ ಎಂದೂ ಬರೆದಿದ್ದೆ. ನನಗೆ ಕಾಯಲು ಆಗಲಿಲ್ಲ. ತೊಟ್ಟಿ ಬೇಗ ತುಂಬಿದರೆ ನೀನು ಬೇಗ ಬರುತ್ತೀಯೆಂದುಕೊಂಡೆ.

ನಿನ್ನೆ ಡಾಕ್ಟರು ಬಂದು, ಈ ವಿಷದ ವಿಷಯ ನಿಮ್ಮ ಮಗಳಿಗೆ ಹೇಗೆ ಗೊತ್ತು, ಏನು ಕೆಲಸ ಮಾಡುತ್ತಾಳೆ ಎಂದು ಕೇಳಿದರು. ಸುತ್ತ ನರ್ಸುಗಳೆಲ್ಲ ನಿಂತಿದ್ದರು, ನನ್ನ ಕೈಕೆಳಗೆ ಕಲಿತವರೂ ಇದ್ದರು. ನಾನು ದೊಡ್ಡ ಅಕ್ಷರದಲ್ಲಿ ಬರೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. ಹವಳ ಸಾಕುತ್ತಾಳೆ ಎಂದು.

ಹೀಟರ್ ಎರಡು ಬೇಕೆಂದು ನೀನು ಬರೆದಿದ್ದೆ. ಅಂಗಡಿಯವನು ಎರಡನ್ನೂ ಮುಂದಿಟ್ಟ. ನಾನೇ ಒಂದನ್ನು ವಾಪಸ್ ಇಡಿಸಿದೆ. ಎರಡನೆಯದನ್ನು ನೀನು ಬಂದು ಆರಿಸಿಕೊಡು. ಅದು ಬರುವವರೆಗೆ ನೀರು ತುಂಬಿಸುವುದಿಲ್ಲ.

ಅಮ್ಮ